ಗಂಗೂಬಾಯಿ ಹಾನಗಲ್ಲರ ಅಭಿರುಚಿಯೂ ಗುರುಪರಂಪರೆಯೂ

ಗಾಯಕರ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತಾರೆ. ಇಂಥವರಲ್ಲಿ ಶಿಕ್ಷಣವಾಯಿತೆಂಬುದು ಒಂದು. ಇಂಥ ರಾಗಗಳು, ಇಂಥ ಶೈಲಿ ಅವರಿಗೆ ಪ್ರಿಯವಾಗಿದ್ದುವೆಂಬುದು ಮತ್ತೊಂದು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವೇನು, ಅಭಿರುಚಿಯು ಗುರುವಿನಿಂದ ಬರತಕ್ಕದ್ದೋ ಶಿಷ್ಯನು ತಾನೇ ಸಂಪಾದಿಸತಕ್ಕದ್ದೋ ಎಂಬ ವಿಚಾರಕ್ಕೆ ಕೈಹಾಕುವವರು ವಿರಳ. ಕಾವ್ಯದ ಹೇತುಗಳನ್ನು ಹೇಳುವಾಗ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಒಟ್ಟುಗೂಡಿಸಿದನು. ಗಾನಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಶಕ್ತಿಯೂ ಅಭ್ಯಾಸವೂ ಸಮಾನವಾಗಿರುವ ಇಬ್ಬರು ಗಾಯಕರು ಒಬ್ಬನೇ ಗುರುವಿನ ಬಳಿ ಕಲಿತು, ಕಡೆಗೆ ಬೇರೆಬೇರೆ ದಾರಿ ಹಿಡಿಯುವುದುಂಟು. ಅದಕ್ಕೆ ಕಾರಣವಾಗಿರುವ ವಿವೇಚನೆಯೇ ಅಭಿರುಚಿ. ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಗಾಯನಜೀವನವು ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಉತ್ತಮವಾದ ನಿದರ್ಶನವಾಗಿದೆ.

ಗಂಗೂಬಾಯಿಯವರು ಹುಟ್ಟಿದುದು ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನಿಷ್ಣಾತರಾಗಿದ್ದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ಧಾರವಾಡಕ್ಕೆ ಬಂದಾಗ ಆ ಮನೆಗೆ ಹೋಗಿ ಅಂಬಾಬಾಯಿಯವರ ಹಾಡನ್ನು ಕೇಳುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಹೀಗೆ ಎರಡು ಪದ್ಧತಿಗಳೂ ಆ ಬಾಲಿಕೆಯ ಕಿವಿಗೆ ಒಂದೇ ಜಗಲಿಯಲ್ಲಿ ಬಿದ್ದುವು. ಆದರೆ ಆಕೆಯ ಮನಸ್ಸು ಒಲಿದುದು ಉತ್ತರದ ಪದ್ಧತಿಯ ಕಡೆಗೆ. ಬೀದಿಯಲ್ಲಿ ಗ್ರಾಮೊಫೋನಿನ ಹಾಡು ಕೇಳಿಬಂದರೆ ಆಟವನ್ನು ಬಿಟ್ಟು ಓಡಿಹೋಗುತ್ತಿದ್ದ ಮಗಳ ಒಲವನ್ನು ಕಂಡು, ತಾಯಿಯು ಆಕೆಗೆ ಹಿಂದುಸ್ತಾನಿ ಶಿಕ್ಷಣವನ್ನೇ ಕೊಡಿಸಲು ನಿಶ್ಚಯಿಸಿದರು. ೧೯೨೮ರಲ್ಲಿ ಸಂಸಾರವು ಹುಬ್ಬಳ್ಳಿಗೆ ಬಂದು ನೆಲಸಿತು. ತಮ್ಮ ಗಾನದ ನೆರಳು ಮಗಳ ಕಲಿಕೆಯ ಮೇಲೆ ಬೀಳಬಾರದೆಂದು ಅಂಬಾಬಾಯಿಯವರು ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಈ ಕೊನೆಯ ಸಂಗತಿಯನ್ನು ಮಾತೃವಾತ್ಸಲ್ಯದ ಉದಾಹರಣೆಯೆಂದು ಹೊಗಳಿ ಮುಂದಕ್ಕೆ ಹೋಗುವುದು ವಾಡಿಕೆ. ವಿಮರ್ಶೆಯ ದೃಷ್ಟಿಯಿಂದ ಇದರಲ್ಲಿ ಇನ್ನೂ ಗಹನವಾದ ಅರ್ಥವಿದೆ. ತಾಯಿಯೇ ಗಂಗೂಬಾಯಿಯವರ ಮೊದಲನೆಯ ಗುರು. ಆದರೆ ಆ ಗುರುವಿನಿಂದ ಆಕೆ ಕಲಿತ ಅತ್ಯಂತ ದೊಡ್ಡ ಪಾಠವು ಯಾವ ಕೃತಿಯಲ್ಲಿಯೂ ಇರಲಿಲ್ಲ. ಒಂದನ್ನು ಪೂರ್ಣವಾಗಿ ಪಡೆಯಬೇಕಾದರೆ ಮತ್ತೊಂದನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಬಿಡಬೇಕಾಗುತ್ತದೆಂಬ ಪಾಠವದು. ೧೯೩೨ರಲ್ಲಿ ತಾಯಿ ತೀರಿಕೊಂಡರು. ಮಗಳಿಗೆ ಆಗ ಇಪ್ಪತ್ತು ವರ್ಷ ತುಂಬಿರಲಿಲ್ಲ. ಪಾಠ ಮಾತ್ರ ಉಳಿಯಿತು.

ಕೃಷ್ಣಾಚಾರ್ಯರೂ ದತ್ತೋಪಂತ ದೇಸಾಯಿಯವರೂ ಗಂಗೂಬಾಯಿಯವರಿಗೆ ಆರಂಭದ ಹಿಂದುಸ್ತಾನಿ ಶಿಕ್ಷಣವನ್ನು ಕೊಟ್ಟರು. ಅನಂತರ ದೊರೆತವರು ಕುಂದಗೋಳದ ರಾಮಭಾವೂ, ಅಂದರೆ ಸವಾಯಿ ಗಂಧರ್ವರು (೧೮೮೬–೧೯೫೨). ಇವರು ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ನಟರಾಗಿಯೂ ಗಾಯಕರಾಗಿಯೂ ಹೆಸರು ಪಡೆದವರು. ಗುರುಗಳು ನಾಟಕಮಂಡಳಿಗಳೊಡನೆ ಸಂಚಾರದಲ್ಲಿದ್ದಷ್ಟು ಕಾಲ ಪಾಠವು ತಡೆತಡೆದು ನಡೆಯಿತು. ಅವರು ಊರಿಗೆ ಹಿಂದಿರುಗಿದ ಮೇಲೆಯೇ ನಿರಂತರವಾದ ಶಿಕ್ಷಣಕ್ಕೆ ಅವಕಾಶವಾಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಮುಗಿಸಿಕೊಂಡು ರಾತ್ರಿ ಹಿಂದಿರುಗುವುದು ಗಂಗೂಬಾಯಿಯವರ ದಿನಚರಿಯಾಗಿತ್ತು. ಗುರುಗೃಹದಲ್ಲಿಯೇ ಇದ್ದ ಭೀಮಸೇನ ಜೋಶಿಯವರು ಆಕೆಯನ್ನು ನಿಲ್ದಾಣದ ವರೆಗೆ ಕಳುಹಿಸಿಬರುತ್ತಿದ್ದರು.

ಸವಾಯಿ ಗಂಧರ್ವರ ಬೋಧನಕ್ರಮವು ಕಠಿನವಾಗಿತ್ತು. ಒಂದು ಸ್ವರಪುಂಜವು ಮನಸ್ಸಿಗೆ ಒಪ್ಪುವಂತೆ ಬರುವ ವರೆಗೆ ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಅನೇಕ ರಾಗಗಳನ್ನು ಮೇಲೆಮೇಲೆ ಕಲಿಸುವುದಕ್ಕಿಂತ ಕೆಲವನ್ನು ಆಳವಾಗಿ ನಾಟಿಸುವುದು ಅವರ ರೀತಿ. ಜಿಪುಣನು ಹಣವನ್ನು ಎಣಿಸಿ ಎಣಿಸಿ ತೆಗೆಯುವಂತೆ ಸ್ವರಗಳನ್ನು ಬಳಸಬೇಕು, ಮುಂದಿನ ಸ್ವರಕ್ಕಾಗಿ ಕೇಳುವವರು ಕಾತರಿಸುವಂತಾಗಬೇಕು ಎಂಬುದು ತಮ್ಮ ಗುರುಗಳ ಉಪದೇಶವೆಂದು ಗಂಗೂಬಾಯಿಯವರು ಹೇಳುತ್ತಿದ್ದರು. ಕಿರಾಣಾ ಪದ್ಧತಿಯ ತತ್ತ್ವವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ. ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ಆಶ್ರಯಿಸಿ, ಅದರ ಸುತ್ತ ರಾಗವನ್ನು ಮೆಲ್ಲಮೆಲ್ಲನೆ ಬೆಳೆಸುತ್ತ ತಾರಷಡ್ಜಕ್ಕೆ ಏರುವುದು ಆ ಪದ್ಧತಿಯ ಮುಖ್ಯ ಲಕ್ಷಣ. ಗಂಗೂಬಾಯಿಯವರು ಹಾಡಿದ ಮಾರ್ವಾ ರಾಗವನ್ನು ಕೇಳಿದವರಿಗೆ ಇದು ವಿದಿತವಾಗಿದೆ. ಆ ರಾಗದಲ್ಲಿ ಪಂಚಮವಿಲ್ಲ, ಷಡ್ಜವೂ ವಿರಳ, ಕೋಮಲ ರಿಷಭ ಮತ್ತು ಧೈವತಗಳೇ ಆಧಾರ. ಗಾಯಕಿಯು ಷಡ್ಜವನ್ನು ತಡೆದು ತಡೆದು, ಕೇಳುವವರ ನಿರೀಕ್ಷೆಯು ಪಕ್ವವಾದ ಮೇಲೆ ಅದನ್ನು ಮುಟ್ಟಿದಾಗ, ಜಿಪುಣನ ದೃಷ್ಟಾಂತವು ಎಷ್ಟು ಯುಕ್ತವೆಂಬುದು ವೇದ್ಯವಾಗುತ್ತದೆ.

ಇಷ್ಟನ್ನು ಕಂಡು, ಅಭಿರುಚಿಯೆಲ್ಲ ಗುರುವಿನ ದಾನವೇ ಎಂದು ನಿರ್ಣಯಿಸಬಹುದೆ? ಹಾಗೆ ಹೇಳುವುದಕ್ಕೆ ಎರಡು ಬಾಧಕಗಳಿವೆ. ಭೀಮಸೇನ ಜೋಶಿಯವರು (೧೯೨೨–೨೦೧೧) ಅದೇ ಕುಂದಗೋಳದ ಮನೆಯಲ್ಲಿ ಅದೇ ಗುರುವಿನ ಬಳಿ ಕಲಿತವರು. ಅವರು ಕಿರಾಣಾದ ಸ್ವರನಿಷ್ಠೆಯನ್ನು ಬಿಡದೆ, ಇತರ ಘರಾಣೆಗಳಿಂದಲೂ ತಮಗೆ ಬೇಕಾದುದನ್ನು ತೆಗೆದುಕೊಂಡರು. ಮಹಾರಾಷ್ಟ್ರದ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಹಾಡಿ ಲಕ್ಷಾಂತರ ಜನರನ್ನು ಮುಟ್ಟಿದರು. ಹೀರಾಬಾಯಿ ಬಡೋದೇಕರರು (೧೯೦೫–೧೯೮೯) ಕರೀಂ ಖಾನರ ಮಗಳು. ಅಬ್ದುಲ್ ವಹೀದ್ ಖಾನರಿಂದ ಕಿರಾಣಾ ಶಿಕ್ಷಣವನ್ನು ಪಡೆದವರು. ಅವರು ಖ್ಯಾಲದ ಜೊತೆಗೆ ಠುಮ್ರಿ, ಭಜನೆ, ನಾಟ್ಯಗೀತಗಳನ್ನೂ ಸಮಾನವಾದ ಪ್ರೀತಿಯಿಂದ ಹಾಡಿದರು. ಗಂಗೂಬಾಯಿಯವರಾದರೋ ದಿನ ಕಳೆದಂತೆ ತಮ್ಮ ಕ್ಷೇತ್ರವನ್ನು ಸಂಕೋಚಗೊಳಿಸುತ್ತ ಬಂದರು. ಒಂದೇ ಬೀಜದಿಂದ ಮೂರು ಬಗೆಯ ಫಲ ದೊರೆತಿರುವಾಗ ಬೀಜವೊಂದನ್ನೇ ಕಾರಣವೆನ್ನುವುದು ತರ್ಕಸಮ್ಮತವಲ್ಲ.

ಆರಂಭದಲ್ಲಿ ಅವರ ಕ್ಷೇತ್ರವೂ ವಿಸ್ತಾರವಾಗಿಯೇ ಇತ್ತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನೆರೆದ ಸಭೆಯ ಮುಂದೆ ಸ್ವಾಗತಗೀತೆಯನ್ನು ಹಾಡಿದ ಬಾಲಿಕೆ ಅವರು. ೧೯೩೦ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟ ಧ್ವನಿಮುದ್ರಿಕೆಗಳಲ್ಲಿ ಅವರ ಕಂಠವು ತೆಳುವಾಗಿ, ಎತ್ತರದ ಶ್ರುತಿಯಲ್ಲಿ ಮಿಂಚಿನಂತೆ ಓಡುತ್ತದೆ. ಜಿ. ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಭಾವಗೀತಗಳೂ ಆ ಕಾಲದವೇ. ಸಭೆಗಳಲ್ಲಿ ಭಜನೆ, ಠುಮ್ರಿಗಳೂ ಇರುತ್ತಿದ್ದುವು. ಅನಂತರ ೧೯೪೦ರ ದಶಕದಲ್ಲಿ ಗಂಟಲಿನ ವ್ಯಾಧಿಯೂ ಅದಕ್ಕಾದ ಚಿಕಿತ್ಸೆಯೂ ಅವರ ಧ್ವನಿಯನ್ನೇ ಮಾರ್ಪಡಿಸಿದುವು. ಕಂಠವು ತಗ್ಗಿ, ಗಡುಸಾಗಿ, ಪುರುಷಧ್ವನಿಯೆಂದು ಜನರು ಹೇಳುವಂತಾಯಿತು. ಲಘುಗೀತಗಳನ್ನು ಅವರು ಕ್ರಮೇಣ ತೊರೆದರು. ತಾವು ಹಾಡುವುದು ರಾಗವನ್ನು ಮಾತ್ರವೇ ಎಂದು ಹೇಳಿ ಕೋರಿಕೆಗಳನ್ನು ನಿರಾಕರಿಸುತ್ತಿದ್ದರು.

ಧ್ವನಿ ಕೆಟ್ಟುದರಿಂದಲೇ ಠುಮ್ರಿಯನ್ನು ಬಿಟ್ಟರೆಂಬ ವಿವರಣೆಯು ಸುಲಭವಾದುದು, ಆದರೆ ಅಸಮಗ್ರವಾದುದು. ಅಂಥ ವಿಪತ್ತಿಗೆ ಸಿಕ್ಕಿದ ಗಾಯಕಿಯು ಹಾಡುವುದನ್ನೇ ನಿಲ್ಲಿಸಬಹುದಾಗಿತ್ತು. ಇಲ್ಲವೆ ಹಳೆಯ ಮಾಧುರ್ಯವನ್ನು ಅನುಕರಿಸಲು ಹೆಣಗಬಹುದಾಗಿತ್ತು. ಗಂಗೂಬಾಯಿಯವರು ಹೊಸ ಕಂಠಕ್ಕೆ ಉಚಿತವಾದುದು ಯಾವುದೆಂದು ವಿವೇಚಿಸಿದರು. ಮಂದ್ರದಲ್ಲಿ ಗಂಭೀರವಾಗಿ ನಿಲ್ಲಬಲ್ಲ ಸ್ವರ, ಅವಸರವಿಲ್ಲದ ಬೆಳವಣಿಗೆ, ಘನವಾದ ರಾಗಗಳು: ಗುರುವು ಕಲಿಸಿದ್ದ ಮಿತವ್ಯಯಕ್ಕೆ ಈ ಕಂಠವು ಹಳೆಯದಕ್ಕಿಂತಲೂ ಹೆಚ್ಚು ಹೊಂದಿಕೊಂಡಿತು. ಮಗಳು ಕೃಷ್ಣಾ (ಮರಣ ೨೦೦೪) ಅನೇಕ ವರ್ಷಗಳ ಕಾಲ ಹಿಂದೆ ಕುಳಿತು ಸಹಗಾನ ಮಾಡಿದರು. ತಾಯಿಯ ದಪ್ಪ ಧ್ವನಿಯೂ ಮಗಳ ತೆಳುವಾದ ಧ್ವನಿಯೂ ಸೇರಿದಾಗ, ಕಳೆದುಹೋದ ಎತ್ತರವು ಇನ್ನೊಂದು ಕಂಠದ ಮೂಲಕ ಹಿಂದಿರುಗಿ ಬಂದಂತಾಗುತ್ತಿತ್ತು. ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವೆಂದು ಕರೆದ ಗುಣವು ಗಾನದಲ್ಲಿ ಹೇಗಿರುತ್ತದೆಂಬುದಕ್ಕೆ ಇದು ಉದಾಹರಣೆ.

ಈ ಆಯ್ಕೆಗೆ ಸಾಮಾಜಿಕವಾದ ಒಂದು ಮುಖವೂ ಉಂಟು. ಗಾಯನವೃತ್ತಿಯ ಸ್ತ್ರೀಪರಂಪರೆಯಲ್ಲಿ ಹುಟ್ಟಿದವರನ್ನು ಸಮಾಜವು ಹಾಡಿಸಿಕೊಂಡು ಕೇಳಿತೇ ಹೊರತು ಗೌರವದಿಂದ ಕಾಣಲಿಲ್ಲ. ಗಾಯಕನು ಮುಸಲ್ಮಾನನಾದರೆ ಉಸ್ತಾದನೆನಿಸುತ್ತಾನೆ, ಹಿಂದುವಾದರೆ ಪಂಡಿತನೆನಿಸುತ್ತಾನೆ. ಕೇಸರಬಾಯಿ, ಮೋಗೂಬಾಯಿಯಂಥ ಮಹಾಗಾಯಕಿಯರು ಮಾತ್ರ ‘ಬಾಯಿ’ಯಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತನ್ನು ಗಂಗೂಬಾಯಿಯವರೇ ಆಡಿದ್ದುಂಟು. ಅಂಥ ಪರಂಪರೆಯ ಗಾಯಕಿಯಿಂದ ಜನರು ನಿರೀಕ್ಷಿಸುತ್ತಿದ್ದುದು ಠುಮ್ರಿಯ ಲಾಲಿತ್ಯವನ್ನು. ಅದನ್ನು ಕೊಡದೆ ಖ್ಯಾಲದ ಗಾಂಭೀರ್ಯವನ್ನೇ ಕೊಟ್ಟುದರಲ್ಲಿ ಸ್ವಾಭಿಮಾನದ ಅಂಶವೂ ಇದೆಯೆಂದು ಊಹಿಸುವುದು ಅಸಂಗತವಾಗಲಾರದು. ಆದರೆ ಠುಮ್ರಿಯು ಹೀನವೆಂದು ಇದರಿಂದ ಸಿದ್ಧವಾಗುವುದಿಲ್ಲ. ಹೀರಾಬಾಯಿಯವರ ಗಾನವೇ ಅದಕ್ಕೆ ಪ್ರತ್ಯುತ್ತರ.

ಇನ್ನು ಆಕ್ಷೇಪಗಳನ್ನು ಪರಿಶೀಲಿಸಬೇಕು. ಸಾಹಿತ್ಯಾಭ್ಯಾಸಿಗಳು ಎತ್ತಬಹುದಾದ ಮೊದಲನೆಯ ಆಕ್ಷೇಪವೆಂದರೆ, ಈ ಗಾನದಲ್ಲಿ ಮಾತಿಗೆ ಸ್ಥಾನವಿಲ್ಲವೆಂಬುದು. ಕಿರಾಣಾ ಗಾಯಕರು ಚೀಜಿನ ಶಬ್ದಗಳನ್ನು ಸ್ವರಕ್ಕೆ ವಾಹನವನ್ನಾಗಿ ಬಳಸುವುದೇ ಹೆಚ್ಚು. ಪದಗಳ ಅರ್ಥವು ಆಲಾಪದಲ್ಲಿ ಕರಗಿಹೋಗುತ್ತದೆ. ವಚನ, ಕೀರ್ತನೆಗಳ ನಾಡಿನಲ್ಲಿ ಹುಟ್ಟಿದವರು ಅರ್ಥಪುಷ್ಟಿಯನ್ನು ಇಷ್ಟು ಉಪೇಕ್ಷಿಸಬಹುದೆ ಎಂಬ ಪ್ರಶ್ನೆಯು ನ್ಯಾಯವಾದುದೇ. ಇದು ನಿಜವಾದ ನಷ್ಟವೆಂದು ಒಪ್ಪಬೇಕು. ಆದರೆ ಶಬ್ದವು ಹಿಂದೆಗೆದಲ್ಲಿ ಅರ್ಥವೆಲ್ಲವೂ ಹಿಂದೆಗೆಯಿತೆಂದು ತಿಳಿಯಬಾರದು. ಧ್ವನಿಕಾರರು ವಾಚ್ಯವನ್ನು ಮೀರಿದುದನ್ನು ಕಾವ್ಯದ ಆತ್ಮವೆಂದರು; ಮಾರ್ವಾದ ತಡೆಹಿಡಿದ ಷಡ್ಜವು ವಾಚ್ಯವಿಲ್ಲದೆಯೇ ಅಂಥ ವ್ಯಂಜನೆಯನ್ನು ಸಾಧಿಸುತ್ತದೆ.

ಎರಡನೆಯ ಆಕ್ಷೇಪವು ಇನ್ನೂ ಪ್ರಬಲವಾದುದು. ಅವರ ರಾಗಭಾಂಡಾರವು ಸಣ್ಣದು. ದೀರ್ಘಕಾಲ ಕೇಳಿದವರಿಗೆ ಅದೇ ಕ್ರಮ, ಅದೇ ಏರಿಕೆ ಪುನರುಕ್ತಿಯೆನಿಸಬಹುದು. ಅಪರೂಪದ ರಾಗಗಳನ್ನು ಬೆಳಕಿಗೆ ತಂದವರ ಸಾಲಿನಲ್ಲಿ ಗಂಗೂಬಾಯಿಯವರ ಹೆಸರು ಬರಲಾರದು. ಆದರೆ ಕೆಲವೇ ರಾಗಗಳಲ್ಲಿ ಜೀವಮಾನವನ್ನು ಕಳೆದವರು ಆ ರಾಗಗಳ ವಿಷಯದಲ್ಲಿ ಹೇಳಬಲ್ಲುದನ್ನು ನೂರು ರಾಗಗಳಲ್ಲಿ ಸಂಚರಿಸಿದವರು ಹೇಳಲಾರರು. ಎರಡೂ ಬಗೆಯ ಗಾಯಕರು ಸಂಗೀತಕ್ಕೆ ಬೇಕು. ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆಯುವುದು ವಿಮರ್ಶೆಯಲ್ಲ.

ಆಮೇಲೆ ಗೌರವಗಳು ಬಂದುವು. ಕರ್ನಾಟಕ ವಿಶ್ವವಿದ್ಯಾಲಯವು ಅವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ೧೯೭೧ರಲ್ಲಿ ಪದ್ಮಭೂಷಣ, ೨೦೦೨ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ದೊರೆತುವು. ಅವುಗಳಿಂದ ಅವರ ಗಾನದ ದಾರಿ ಬದಲಾಗಲಿಲ್ಲ. ೨೦೦೯ರ ಜುಲೈ ೨೧ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡರು.

ಮೇಲಿನ ವಿಚಾರಗಳಿಂದ ನಿಷ್ಪನ್ನವಾಗುವುದಿಷ್ಟು. ಗುರುಗಳು ಶಿಷ್ಯೆಗೆ ಕೊಟ್ಟುದು ಒಂದು ಸಿದ್ಧವಾದ ಅಭಿರುಚಿಯನ್ನಲ್ಲ. ಅಭಿರುಚಿಯನ್ನು ಕಟ್ಟಿಕೊಳ್ಳುವ ವಿಧಾನವನ್ನು. ತಾಯಿಯು ತ್ಯಾಗವನ್ನೂ ಸವಾಯಿ ಗಂಧರ್ವರು ಮಿತವ್ಯಯವನ್ನೂ ತೋರಿಸಿಕೊಟ್ಟರು. ಯಾವುದನ್ನು ತ್ಯಜಿಸಬೇಕು, ಯಾವುದನ್ನು ಮಿತವಾಗಿ ಬಳಸಬೇಕು ಎಂಬುದನ್ನು ಗಂಗೂಬಾಯಿಯವರು ತಮ್ಮ ಕಂಠವನ್ನೂ ತಮ್ಮ ಬಾಳನ್ನೂ ನೋಡಿಕೊಂಡು ತಾವೇ ನಿರ್ಣಯಿಸಿದರು. ಕಲಾವಿದರ ಚರಿತ್ರೆಯನ್ನು ಬರೆಯುವವರು ಗುರುಗಳ ಹೆಸರುಗಳನ್ನೂ ಪ್ರಿಯರಾಗಗಳ ಪಟ್ಟಿಯನ್ನೂ ಕೊಟ್ಟು ನಿಲ್ಲದೆ, ಅವರು ಏನನ್ನು ಹಾಡದೆ ಬಿಟ್ಟರು, ಏತಕ್ಕೆ ಬಿಟ್ಟರು ಎಂಬುದನ್ನೂ ವಿಚಾರಿಸಿದರೆ ಸಂಗೀತವಿಮರ್ಶೆಗೆ ಬಹಳ ಉಪಕಾರವಾಗುತ್ತದೆ.