ಯಾರು ಹೇಳಿದ್ದು? ಗಡಿನಾಡಿನ ಊರಚರಿತ್ರೆಯ ವಿಕಿ ಬರಹಕ್ಕೆ ಬೇಕಾದ ಶೈಲಿ

ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಇವತ್ತು ಮಾತಾಡಲಿಕ್ಕೆ ಹೊರಟಿರುವುದು ಕೇಳಲು ಸ್ವಲ್ಪ ಒಣ ಅನ್ನಿಸುವ ವಿಷಯ. ಊರಿನ ಚರಿತ್ರೆಯನ್ನು ಹತ್ತು ಜನ ಸೇರಿ ವಿಕಿಯಲ್ಲಿ ಬರೆಯುವಾಗ ವಾಕ್ಯ ಹೇಗಿರಬೇಕು ಎನ್ನುವುದು ಪ್ರಶ್ನೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ತುಳು ವಿಕಿಪೀಡಿಯ 2016ರಲ್ಲಿ ಬಂತು. ನಮ್ಮ ಕಡೆಯ ಒಂದು ಊರಿನ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಹೆಚ್ಚಾಗಿ ಇಂಥ ಪುಟಗಳೇ. ಪತ್ರಕರ್ತರು ಅಲ್ಲಿಂದ ಎತ್ತಿಕೊಳ್ತಾರೆ, ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ಬರೆದುಕೊಳ್ತಾರೆ. ಹಾಗಾಗಿ ಅಲ್ಲಿನ ವಾಕ್ಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ಕತೆ, ಕವಿತೆಗಳಷ್ಟೇ ಗಂಭೀರವಾಗಿ ಓದಬೇಕು ಅಂತ ನನಗೆ ಅನ್ನಿಸ್ತದೆ.

ವಿಕಿಯ ಮೂಲ ನಿಯಮಗಳು ನಿಮಗೆ ಗೊತ್ತೇ ಉಂಟು. ಪಕ್ಷಪಾತ ಬೇಡ, ಹೇಳಿದ್ದಕ್ಕೆ ಆಧಾರ ಬೇಕು, ಸ್ವಂತ ಸಂಶೋಧನೆಯನ್ನು ಅಲ್ಲಿ ಹಾಕುವ ಹಾಗಿಲ್ಲ. ಈ ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ. ಅವನ್ನು ಪಾಲಿಸಲಿಕ್ಕೆ ನಾವು ಆರಿಸಿಕೊಂಡ ಕನ್ನಡದ ಬಗ್ಗೆ ತಕರಾರು ಉಂಟು. ನಿಷ್ಪಕ್ಷಪಾತ ಅಂದರೆ ಮಾತಾಡುವವರನ್ನು ಮರೆಮಾಡುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಗಡಿನಾಡಿನಲ್ಲಿ ಇದು ತಿರುಗುಬಾಣ ಆಗ್ತದೆ.

ಮೊದಲು ಒಂದು ಪದ ನೋಡೋಣ: ‘ಎನ್ನಲಾಗುತ್ತದೆ’. ಊರಿನ ಲೇಖನಗಳಲ್ಲಿ ಇದರ ಹಾವಳಿ ಎಷ್ಟು ಅಂತ ಯಾವ ನಾಲ್ಕು ಪುಟ ತೆರೆದರೂ ತಿಳೀತದೆ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಅಷ್ಟು ಸಹಜವಲ್ಲ ಅಂತ ವ್ಯಾಕರಣದ ತರಗತಿಯಲ್ಲಿ ಎಲ್ಲರೂ ಕಲಿತಿದ್ದೇವೆ. ಕೇಳಿದ ಮಾತನ್ನು ಕೇಳಿದ್ದು ಅಂತಲೇ ಹೇಳಲಿಕ್ಕೆ ನಮ್ಮ ಆಡುಮಾತಿನಲ್ಲಿ ಬೇರೆಯೇ ಒಂದು ಪ್ರತ್ಯಯ ಇದೆ, ‘ಅಂತೆ’. ‘ಮೊಸಳೆ ಅನ್ನ ತಿನ್ನುತ್ತಿತ್ತಂತೆ’ ಅಂದರೆ ಅಜ್ಜಿ ಪ್ರಾಮಾಣಿಕವಾಗಿ ಒಂದು ಗೆರೆ ಎಳೆದಳು: ನಾನು ನೋಡಿದ್ದಲ್ಲ, ಕೇಳಿದ್ದು. ‘ಎನ್ನಲಾಗುತ್ತದೆ’ ಆ ಗೆರೆಯನ್ನು ಮಸುಕು ಮಾಡ್ತದೆ. ಹೇಳಿದವರು ಒಬ್ಬರೋ ನೂರು ಜನವೋ, ಪುರಾಣವೋ ಪತ್ರವೋ, ಏನೂ ಗೊತ್ತಾಗುವುದಿಲ್ಲ. ಆದರೂ ವಾಕ್ಯಕ್ಕೆ ಒಂದು ಸರ್ಕಾರಿ ಗಾಂಭೀರ್ಯ ಬಂದುಬಿಡ್ತದೆ.

ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಅಲ್ಲಿಯ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಇತ್ತು, 2022ರ ಅಕ್ಟೋಬರ್‌ನಲ್ಲಿ ಅದು ಸತ್ತಿತು. ಇದು ವರದಿಯಾದ ಘಟನೆ. ಅದು ದೇವಸ್ಥಾನದ ನೈವೇದ್ಯ ತಿನ್ನುತ್ತಿತ್ತು ಎನ್ನುವುದು ಅಲ್ಲಿಯವರು ಹೇಳಿದ ಮಾತು. ಹಿಂದೆ ಒಬ್ಬ ಬ್ರಿಟಿಷ್ ಸಿಪಾಯಿ ಅಲ್ಲಿದ್ದ ಮೊಸಳೆಯನ್ನು ಕೊಂದ, ಆಮೇಲೆ ಹಾವು ಕಚ್ಚಿ ಸತ್ತ ಎನ್ನುವುದು ಐತಿಹ್ಯ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಎನ್ನುವುದು ಭಕ್ತರ ನಂಬಿಕೆ. ನಾಲ್ಕು ಮಾತು, ನಾಲ್ಕು ಬಗೆಯ ಸಾಕ್ಷ್ಯ. ಎಲ್ಲದಕ್ಕೂ ‘ಎನ್ನಲಾಗುತ್ತದೆ’ ಹಚ್ಚಿದರೆ ಮೊಸಳೆಯ ಸಾವೂ ಐತಿಹ್ಯದ ಹಾಗೆ ಕಾಣ್ತದೆ. ಎಲ್ಲದರಿಂದಲೂ ತೆಗೆದುಹಾಕಿದರೆ ನಂಬಿಕೆಯೇ ಚರಿತ್ರೆಯಾಗಿ ಕೂತುಬಿಡ್ತದೆ. ವಿಶ್ವಕೋಶದಲ್ಲಿ ‘ಅಂತೆ’ ಬರೆಯಿರಿ ಅಂತ ನಾನು ಹೇಳುವುದಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಉಳಿಸಿಕೊಳ್ಳಿ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾರು ಹೇಳಿದ್ದು ಅಂತಲೂ ಬರೆಯಿರಿ.

ಇದು ಬರೀ ಮೊಸಳೆಯ ಕತೆಗೆ ಸಂಬಂಧಿಸಿದ್ದಲ್ಲ. ತೆಂಕುತಿಟ್ಟು ಯಕ್ಷಗಾನದ ಪಿತಾಮಹ ಅಂತ ನಾವು ಕರೆಯುವ ಕುಂಬಳೆಯ ಪಾರ್ತಿಸುಬ್ಬನ ವಿಷಯ ನೋಡಿ. ಅವನ ಕಾಲದ ಬಗ್ಗೆ, ರಾಮಾಯಣದ ಪ್ರಸಂಗಗಳು ಅವನವೇ ಎನ್ನುವುದರ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆದಿತ್ತು. ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಪುಸ್ತಕ ಬರೆದರು, ಶಿವರಾಮ ಕಾರಂತರು ಕರ್ತೃತ್ವವನ್ನೇ ಪ್ರಶ್ನೆ ಮಾಡಿದರು. ‘ಪಾರ್ತಿಸುಬ್ಬ ಈ ಪ್ರಸಂಗಗಳನ್ನು ರಚಿಸಿದನೆಂದು ಹೇಳಲಾಗುತ್ತದೆ’ ಅಂತ ಬರೆದರೆ ಆ ಇಡೀ ವಾದ ಒಂದು ಕ್ರಿಯಾಪದದೊಳಗೆ ಹೂತುಹೋಗ್ತದೆ. ಇಬ್ಬರ ಹೆಸರನ್ನೂ ಹಾಕಿ ಎರಡು ವಾಕ್ಯ ಬರೆದರೆ ನಿಷ್ಪಕ್ಷಪಾತಕ್ಕೂ ಭಂಗವಿಲ್ಲ, ಓದುವವನಿಗೂ ಮುಂದಿನ ದಾರಿ ಸಿಗ್ತದೆ.

ಎರಡನೆಯದು ಊರಿನ ಹೆಸರು. 2021ರ ಜೂನ್‌ನಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳು ಮಲಯಾಳಕ್ಕೆ ಬದಲಾಗುತ್ತಿವೆ ಅಂತ ಸುದ್ದಿಯಾಯಿತು. ಕರ್ನಾಟಕದಿಂದ ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಹೋಯಿತು. ಅಂಥ ನಿರ್ಧಾರ ಏನೂ ಇಲ್ಲ ಅಂತ ಕೇರಳ ಸರ್ಕಾರ ಹೇಳಿತು. ಈಗ ‘ಹೆಸರುಗಳನ್ನು ಬದಲಾಯಿಸಲಾಗಿದೆ’ ಎಂಬ ವಾಕ್ಯವನ್ನು ಓದಿ. ಬದಲಾಯಿಸಿದ್ದು ಯಾರು? ಸರ್ಕಾರದ ಆದೇಶವೋ, ಬೋರ್ಡ್ ಬರೆದವನೋ, ಬಸ್ಸಿನವರೋ? ಕರ್ತೃ ಇಲ್ಲದ ವಾಕ್ಯವನ್ನು ಅಲ್ಲಗಳೆಯುವುದು ಬಹಳ ಸುಲಭ. ಇಂಥ ಊರಿನ ಇಂಥ ಫಲಕದಲ್ಲಿ ಇಂಥ ವರ್ಷ ಹೀಗೆ ಬರೆದಿತ್ತು, ಈಗ ಹೀಗೆ ಬರೆದಿದೆ ಅಂತ ತಾರೀಕು ಸಹಿತ ಎರಡು ಫೋಟೋ ಹಾಕಿ ನೋಡಿ. ಅದನ್ನು ಅಲ್ಲಗಳೆಯುವುದು ಅಷ್ಟು ಸುಲಭವಲ್ಲ.

ಇದೇ ಶಿಸ್ತು ನಮಗೂ ಬೇಕು. ‘ಮೂಲ ಹೆಸರು’, ‘ಅಪಭ್ರಂಶ’, ‘ವಿರೂಪ’ ಎಂಬ ಪದಗಳನ್ನು ನಾವು ಬಹಳ ಧಾರಾಳವಾಗಿ ಬಳಸ್ತೇವೆ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಬ್ಯಾರಿಯಲ್ಲಿ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ, ಮಲಯಾಳದಲ್ಲಿ ಮಂಗಲಾಪುರಂ. ಇವುಗಳಲ್ಲಿ ಯಾವುದು ಯಾವುದರ ಅಪಭ್ರಂಶ ಅಂತ ಯಾರೂ ಜಗಳ ಮಾಡುವುದಿಲ್ಲ. ಕಾಞಂಗಾಡಿನ ಹೊಸದುರ್ಗ ಮತ್ತು ಪುದಿಯಕೋಟ ಎರಡಕ್ಕೂ ಅರ್ಥ ಒಂದೇ, ಹೊಸ ಕೋಟೆ. ಅಲ್ಲಿನ ಕೋಟೆ ಇಕ್ಕೇರಿ ನಾಯಕರದ್ದು, ಮತ್ತು ತಾಲೂಕಿಗೆ ಇವತ್ತಿಗೂ ಕೇರಳದ ಕಡತದಲ್ಲಿ ಹೊಸದುರ್ಗ ಅಂತಲೇ ಹೆಸರು. ಇಷ್ಟು ಬರೆದರೆ ಸಾಕು, ‘ಕನ್ನಡದ ಹೆಮ್ಮೆಯ ಕುರುಹು’ ಅಂತ ಬಾಲ ಸೇರಿಸಬೇಕಾಗಿಲ್ಲ. ನನ್ನ ಸಲಹೆ ಇದು: ತಲೆಬರಹದಲ್ಲಿ ಕನ್ನಡದ ಹೆಸರು ಇರಲಿ, ಮೊದಲ ವಾಕ್ಯದಲ್ಲೇ ಊರಿನವರು ಆಡುವ ಬೇರೆ ಭಾಷೆಗಳ ಹೆಸರುಗಳೂ ಬರಲಿ, ಪ್ರತಿಯೊಂದರ ಮುಂದೆ ಭಾಷೆ ಯಾವುದು ಅಂತ ಇರಲಿ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೊಗಳಿ, ಲೇಖನದಲ್ಲಿ ಒಂದೇ ಭಾಷೆಯ ಹೆಸರು ಕೊಟ್ಟರೆ ಹೇಗೆ?

ಮೂರನೆಯದು ಕಾಲ. ‘1956ಕ್ಕೆ ಮೊದಲು ಕಾಸರಗೋಡು ಕರ್ನಾಟಕದಲ್ಲಿತ್ತು’ ಎಂಬ ವಾಕ್ಯವನ್ನು ನಮ್ಮವರೇ ಬಹಳ ಪ್ರೀತಿಯಿಂದ ಬರೀತಾರೆ. ಅದು ಸರಿಯಲ್ಲ. 1956ರ ನವೆಂಬರ್ 1ರ ತನಕ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅವತ್ತು ಜಿಲ್ಲೆಯ ಉಳಿದ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಆ ಮೈಸೂರಿಗೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಹಾಗೆಯೇ ಮಹಾಜನ ಆಯೋಗ ‘ತೀರ್ಪು’ ಕೊಟ್ಟಿತು ಅಂತ ಬರೆಯುವುದುಂಟು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಅದು 1967ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಬೇರೆ, ತೀರ್ಪು ಬೇರೆ. ತಾಲೂಕನ್ನು ಕೇರಳಕ್ಕೆ ಸೇರಿಸಬೇಕು ಅಂತ 1955ರಲ್ಲಿ ಹೇಳಿದ ರಾಜ್ಯ ಪುನರ್ವಿಂಗಡಣಾ ಆಯೋಗವೂ ಶಿಫಾರಸನ್ನೇ ಮಾಡಿದ್ದು. ಎರಡನ್ನೂ ಬರೆಯಬೇಕು, ಎರಡಕ್ಕೂ ಒಂದೇ ಕ್ರಿಯಾಪದ ಬಳಸಬೇಕು.

ಇಲ್ಲಿ ಸೇರಿರುವ ಬೇರೆ ಗಡಿಗಳ ಗೆಳೆಯರಿಗೂ ಇದು ಅನ್ವಯಿಸ್ತದೆ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು, 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಅಕ್ಕಲಕೋಟೆ, ಜತ್ತ ಸ್ವಾತಂತ್ರ್ಯದ ತನಕ ದೇಶೀ ಸಂಸ್ಥಾನಗಳು. ಒಂದೊಂದು ಗಡಿಯ ದಾರಿ ಒಂದೊಂದು. ‘ಮೊದಲು ಕರ್ನಾಟಕದಲ್ಲಿತ್ತು’ ಎಂಬ ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಒತ್ತಿದರೆ ನಮ್ಮ ನಮ್ಮ ಊರಿನ ಚರಿತ್ರೆಯನ್ನು ನಾವೇ ಅಳಿಸಿದ ಹಾಗೆ.

ಒಂದು ಆಕ್ಷೇಪ ಬಂದೇ ಬರ್ತದೆ: ಹಳ್ಳಿಯ ಚರಿತ್ರೆಗೆ ಆಧಾರ ಎಲ್ಲಿಂದ ತರುವುದು, ಎಲ್ಲ ಬಾಯಿಮಾತಲ್ಲವಾ? ಸರಿಯಾದ ಪ್ರಶ್ನೆ. ಆದರೆ ನಮ್ಮಲ್ಲಿ ಅಚ್ಚಾದದ್ದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಉಂಟು. ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಸಂಚಿಕೆ, ಅಭಿನಂದನ ಗ್ರಂಥ, ಇವೆಲ್ಲ ಮನೆಮನೆಯ ಕಪಾಟಿನಲ್ಲಿ ಇವೆ. ಇವು ತಟಸ್ಥ ಆಧಾರಗಳಲ್ಲ, ಹೊಗಳಿಕೆ ಜಾಸ್ತಿ. ಹಾಗಂತ ಬಿಸಾಡುವುದೂ ಬೇಡ. ‘ದೇವಸ್ಥಾನದ ಇಂಥ ವರ್ಷದ ಸಂಚಿಕೆಯ ಪ್ರಕಾರ’ ಅಂತ ಶುರು ಮಾಡಿ, ಪುಟಸಂಖ್ಯೆ ಕೊಡಿ. ಆಗ ಹೊಗಳಿಕೆ ಸಂಚಿಕೆಯದ್ದು, ಲೇಖನದ್ದಲ್ಲ. ಬಾಯಿಮಾತು ಮಾತ್ರ ಇದ್ದರೆ ಮೊದಲು ಅದನ್ನು ಬೇರೆ ಕಡೆ ದಾಖಲೆ ಮಾಡಿ, ಪ್ರಕಟಿಸಿ, ಆಮೇಲೆ ವಿಕಿಗೆ ತನ್ನಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಬಹುದು. ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಇಂಥ ಹೊತ್ತಿನಲ್ಲಿ ಮನವಿ ಬರೆಯುವವರಿಗೆ ಬೇಕಾಗುವುದು ತಾರೀಕು, ಆದೇಶ, ಹೆಸರು. ಒಂದು ತಪ್ಪು ವಾಕ್ಯ ಸಿಕ್ಕಿದರೆ ಎದುರಿನವರು ಅದನ್ನೇ ಹಿಡಿದು ಉಳಿದ ಒಂಬತ್ತು ಸರಿಯಾದ ವಾಕ್ಯಗಳನ್ನೂ ತಳ್ಳಿಹಾಕ್ತಾರೆ. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಅಂದಾಜಿನ ಮಾತು ದುಬಾರಿ.

ಹಾಗಾಗಿ ಶೈಲಿಯ ಕೈಪಿಡಿ ಅಂತ ಇಪ್ಪತ್ತು ಪುಟ ಬೇಡ. ಉಳಿಸುವ ಗುಂಡಿ ಒತ್ತುವ ಮೊದಲು ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ಹೇಳಿದ್ದು? ಈ ಹೆಸರು ಯಾವ ಭಾಷೆಯದ್ದು? ಆ ವರ್ಷ ಆ ಊರು ಯಾವ ರಾಜ್ಯದಲ್ಲಿತ್ತು? ಮೂರಕ್ಕೂ ಉತ್ತರ ಇರುವ ವಾಕ್ಯವನ್ನು ನಾಳೆ ಒಬ್ಬ ಮಲಯಾಳಿ ಗೆಳೆಯ ಓದಿದರೂ ಅಳಿಸಲಿಕ್ಕೆ ಕಾರಣ ಸಿಗುವುದಿಲ್ಲ.