ಕ್ಯಾಲೆಂಡರಿನ ನೀಲಿ ಗುರುತು

ನಾವು ಸಂಸಾರ ಹೂಡಿದ ಹೊಸತರಲ್ಲಿ ಕರಾವಳಿಯ ಒಂದು ಸಣ್ಣ ಊರಿನಲ್ಲಿದ್ದೆವು. ಎಪ್ಪತ್ತರ ದಶಕದ ಮಾತು. ಪಕ್ಕದ ಮನೆಯವರು ಕ್ಯಾಥೊಲಿಕ್ ಕ್ರೈಸ್ತರು. ಮನೆಯಾಕೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾಲ್ಕು ಮಕ್ಕಳು, ಐದನೆಯದು ಹೊಟ್ಟೆಯಲ್ಲಿ. ಅವರ ಅಡುಗೆಮನೆಯ ಗೋಡೆಗೆ ಇಗರ್ಜಿಯಲ್ಲಿ ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ಹಳೆಯ ವರ್ಷದ್ದೂ ಅದರ ಹಿಂದೆಯೇ ಇತ್ತು. ಕೆಲವು ತಾರೀಕುಗಳ ಮೇಲೆ ನೀಲಿ ಪೆನ್ಸಿಲಿನ ಸಣ್ಣ ಗುರುತು. ನಾನು ಹಾಲಿನ ಲೆಕ್ಕವೆಂದುಕೊಂಡಿದ್ದೆ. ಒಂದು ದಿನ, "ಕಳೆದ ವರ್ಷ ಹಾಲಿನವನು ಇಷ್ಟೊಂದು ದಿನ ಚಕ್ಕರ್ ಹೊಡೆದನಾ ಟೀಚರ್?" ಎಂದು ಕೇಳಿಯೂಬಿಟ್ಟೆ. ಅವರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. "ಹಾಲಿನದ್ದಲ್ಲ ಮಾರಾಯ್ತಿ, ನನ್ನದೇ ಲೆಕ್ಕ" ಎಂದರು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ತಪ್ಪಿದ ಲೆಕ್ಕ" ಎಂದು ಸೇರಿಸಿದರು.

ಆ ಲೆಕ್ಕ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಟ್ಟಾದ ದಿನದಿಂದ ಎಣಿಸಿ, ಗರ್ಭ ನಿಲ್ಲಬಹುದಾದ ದಿನಗಳಲ್ಲಿ ಗಂಡ ಹೆಂಡಿರು ದೂರ ಇರುವುದು. ಗರ್ಭ ತಡೆಯುವ ಬೇರೆ ಯಾವ ಉಪಾಯವೂ ಪಾಪವೆಂದು 1930ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಕಟ್ಟುನಿಟ್ಟು ಮಾಡಿದ್ದರು. 1951ರಲ್ಲಿ ಹನ್ನೆರಡನೆಯ ಪಿಯುಸ್ ಇಟಲಿಯ ಸೂಲಗಿತ್ತಿಯರ ಮುಂದೆ ಮಾತಾಡುತ್ತ, ತಕ್ಕ ಕಾರಣವಿದ್ದರೆ ಈ ದಿನದ ಲೆಕ್ಕವೊಂದು ಆಗಬಹುದು ಎಂದರು. ಹೀಗೆ ರೋಮಿನಲ್ಲಿ ಹೊರಟ ಮಾತು ನಮ್ಮ ಟೀಚರ ಅಡುಗೆಮನೆಯ ಗೋಡೆಗೆ ಬಂದು ನೀಲಿ ಗುರುತಾಗಿತ್ತು.

ಇದೆಲ್ಲ ಮತ್ತೆ ನೆನಪಾದದ್ದು ಒಂದು ಪುಸ್ತಕದಿಂದ. ಟೀಚರ ಕೊನೆಯ ಮಗಳು, ಅದೇ ತಪ್ಪಿದ ಲೆಕ್ಕದವಳು, ಈಚೆಗೆ ಬೆಂಗಳೂರಿನಿಂದ ಬರುವಾಗ ನನಗೆಂದು ತಂದಳು. ರಾಬರ್ಟ್ ಮೆಕ್ಲೋರಿ ಎಂಬ ಅಮೆರಿಕದ ಪತ್ರಕರ್ತ ಬರೆದ 'ಟರ್ನಿಂಗ್ ಪಾಯಿಂಟ್', 1995ರಲ್ಲಿ ಅಚ್ಚಾದದ್ದು. ಮೆಕ್ಲೋರಿ ಹಿಂದೆ ಪಾದ್ರಿಯಾಗಿದ್ದು ಆಮೇಲೆ ಬಿಟ್ಟು ಸಂಸಾರಿಯಾದವರು. ಒಳಮನೆಯ ವಾಸನೆ ಬಲ್ಲವರು ಬರೆದದ್ದೆಂದು ಓದುವಾಗಲೇ ತಿಳಿಯುತ್ತದೆ.

ಕತೆ ಹೀಗಿದೆ. ಗುಳಿಗೆ ಬಂದ ಮೇಲೆ ಎದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇಪ್ಪತ್ತಮೂರನೆಯ ಜಾನ್ ಪೋಪರು 1963ರಲ್ಲಿ ಆರು ಜನರ ಒಂದು ಆಯೋಗ ಮಾಡಿದರು. ಮುಂದೆ ಬಂದ ಆರನೆಯ ಪೌಲರು ಅದನ್ನು ಬೆಳೆಸುತ್ತ ಹೋಗಿ, 1966ರ ಹೊತ್ತಿಗೆ 72 ಮಂದಿಯಾದರು. ಮುಂಬಯಿಯ ಕಾರ್ಡಿನಲ್ ವೇಲೇರಿಯನ್ ಗ್ರೇಶಿಯಸರೂ ಅದರಲ್ಲಿದ್ದರು. ಬಿಷಪರು, ದೇವಶಾಸ್ತ್ರಿಗಳು, ವೈದ್ಯರು, ಜನಸಂಖ್ಯೆಯ ಪಂಡಿತರು. ಹೆಂಗಸರು ಕೈಬೆರಳಲ್ಲಿ ಎಣಿಸುವಷ್ಟು. ಅವರಲ್ಲೊಬ್ಬರು ಶಿಕಾಗೋದ ಪ್ಯಾಟಿ ಕ್ರೌಲಿ. ಗಂಡ ಪ್ಯಾಟ್ ಕ್ರೌಲಿ ವಕೀಲರು. ಇಬ್ಬರೂ ಸೇರಿ ಕ್ರೈಸ್ತ ಕುಟುಂಬಗಳ ದೊಡ್ಡದೊಂದು ಚಳವಳಿಯನ್ನು ನಡೆಸುತ್ತಿದ್ದರು. ಅವರನ್ನು ಕರೆಸಿದ್ದು ಬಂಡಾಯಗಾರರೆಂದಲ್ಲ. ಇವರಷ್ಟು ನಂಬುಗೆಯ ದಂಪತಿ ಇನ್ನೊಂದಿಲ್ಲ ಎಂದು.

ಪ್ಯಾಟಿಗೆ ಸ್ವಂತಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಹೆರಿಗೆಯೊಂದರಲ್ಲಿ ಸಾವಿನ ದವಡೆಯಿಂದ ಪಾರಾಗಿ ಬಂದ ಆಕೆಗೆ ಮುಂದೆ ಮಕ್ಕಳಾಗುವಂತಿರಲಿಲ್ಲ. ಹೆತ್ತ ಮಕ್ಕಳ ಜೊತೆಗೆ ಯಾರ್ಯಾರದೋ ಮಕ್ಕಳನ್ನು ಮನೆಯಲ್ಲಿಟ್ಟು ಸಾಕಿದ ಹೆಂಗಸು. ಹಿರಿಯ ಮಗಳು ಸನ್ಯಾಸಿನಿಯಾದವಳು. ಇಂಥವರ ಬಾಯಲ್ಲಿ ಪೋಪರಿಗೆ ಎದುರು ಮಾತು ಬಂದದ್ದು ಹೇಗೆ?

ಪತ್ರಗಳಿಂದ ಬಂತು. ತಮ್ಮ ಚಳವಳಿಯ ದಂಪತಿಗಳಿಗೆ ಅವರು ಪ್ರಶ್ನೆಗಳನ್ನು ಕಳಿಸಿ, ಈ ದಿನದ ಲೆಕ್ಕ ನಿಮ್ಮ ಬಾಳಿನಲ್ಲಿ ಏನು ಮಾಡಿದೆ ಎಂದು ಕೇಳಿದರು. ಹಲವು ದೇಶಗಳಿಂದ ಸುಮಾರು ಮೂರು ಸಾವಿರ ದಂಪತಿಗಳ ಉತ್ತರ ಬಂತು. ಇವರೆಲ್ಲ ಭಾನುವಾರ ತಪ್ಪದೆ ಪೂಜೆಗೆ ಹೋಗುವವರು, ಕಟ್ಟಳೆಯನ್ನು ಪಾಲಿಸಿಯೇ ಬರೆದವರು. ಬೆಳಗಾಗೆದ್ದು ಜ್ವರದ ಕಡ್ಡಿ ಬಾಯಲ್ಲಿಟ್ಟುಕೊಂಡವರು, ತಿಂಗಳ ಲೆಕ್ಕ ಏರುಪೇರಾಗುವವರು, ಮೇಲಿಂದ ಮೇಲೆ ಹೆತ್ತು ಬಸವಳಿದವರು, ಗಂಡ ಹತ್ತಿರ ಬಂದರೆ ಪ್ರೀತಿಯ ಬದಲು ಹೆದರಿಕೆಯಾಗುವವರು. ಲೆಕ್ಕದಿಂದ ಒಳ್ಳೆಯದಾಯಿತೆಂದು ಬರೆದವರೂ ಇದ್ದರು, ಅದನ್ನು ಮರೆಮಾಚಬೇಕಿಲ್ಲ. ಆದರೆ ತೂಕ ಯಾವ ಕಡೆಗಿತ್ತೆಂಬುದು ಸ್ಪಷ್ಟ. ಪ್ಯಾಟಿ ಆ ಪತ್ರಗಳನ್ನು ರೋಮಿಗೆ ಹೊತ್ತುಕೊಂಡು ಹೋದರು.

ಅಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ದಾಂಪತ್ಯದ ವಿಚಾರ ಮಾತಾಡಲು ಕರೆಸಿದ ಗಂಡ ಹೆಂಡಿರನ್ನು ಬೇರೆ ಬೇರೆ ಇಳಿಸಿದರು! ಗಂಡಸರು ಸಭೆ ನಡೆಯುವ ವಿದ್ಯಾಮಂದಿರದಲ್ಲಿ. ಪ್ಯಾಟಿ ಸುಮಾರು ಒಂದು ಮೈಲಿ ದೂರದ ಕಾನ್ವೆಂಟಿನಲ್ಲಿ. ಪಾದ್ರಿಗಳು ಪಾಠ ಹೇಳುವ ಜಾಗದಲ್ಲಿ ಹೆಂಗಸನ್ನು ಇರಿಸಿಕೊಳ್ಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ಸಭೆಯದು. ಸ್ಪೇನಿನ ಪಾದ್ರಿ ಜ಼ಾಲ್ಬಾ ಎಂಬವರು, ಈಗ ನಾವು ಕಟ್ಟಳೆ ಸಡಿಲಿಸಿದರೆ ಇಷ್ಟು ದಿನ ಇದೇ ಪಾಪಕ್ಕಾಗಿ ನಾವು ನರಕಕ್ಕೆ ಕಳಿಸಿದ ಲಕ್ಷಾಂತರ ಜನರ ಗತಿಯೇನು ಎಂದು ಕಳವಳಪಟ್ಟರಂತೆ. ಪ್ಯಾಟಿ ತಣ್ಣಗೆ, ತಮ್ಮ ಆಜ್ಞೆಗಳನ್ನೆಲ್ಲ ದೇವರು ಪಾಲಿಸಿಯೇ ಇದ್ದಾನೆಂದು ತಾವು ನಂಬಿದ್ದೀರಾ ಎಂದು ಕೇಳಿದರು. ನಾನು ಪುಸ್ತಕ ಮಡಿಚಿಟ್ಟು ಒಂದು ಲೋಟ ನೀರು ಕುಡಿದು ಬಂದೆ.

1966ರ ಬೇಸಿಗೆಯಲ್ಲಿ ಎಣಿಕೆಯಾಯಿತು. ದೇವಶಾಸ್ತ್ರಿಗಳಲ್ಲಿ 15 ಜನ ಬದಲಾವಣೆಯ ಕಡೆ, 4 ಜನ ಬೇಡವೆಂದರು. ಬಿಷಪರಲ್ಲಿ 9 ಜನ ಪರ, 3 ಜನ ವಿರುದ್ಧ, 3 ಜನ ತಟಸ್ಥ. ಬೇಡವೆಂದವರ ದೊಡ್ಡ ಅಂಜಿಕೆ ಇಷ್ಟೆ: ಬದಲಾಯಿಸಿದರೆ 1930ರಲ್ಲಿ ಹೇಳಿದ್ದು ತಪ್ಪೆಂದು ಒಪ್ಪಿದಂತಾಗುತ್ತದೆ. ಎರಡು ವರ್ಷ ಕಾದ ಮೇಲೆ 1968ರ ಜುಲೈ ಕೊನೆಯಲ್ಲಿ ಪೋಪರ 'ಹ್ಯುಮಾನೇ ವಿಟೇ' ಹೊರಬಿತ್ತು. ಆಯೋಗದಲ್ಲಿ ಒಮ್ಮತವಿರಲಿಲ್ಲ, ಕೆಲವರ ತೀರ್ಮಾನ ಚರ್ಚಿನ ಸ್ಥಿರವಾದ ಬೋಧನೆಯಿಂದ ದೂರ ಸರಿದಿತ್ತು ಎಂದು ಹೇಳಿ, ಹಳೆಯ ಕಟ್ಟಳೆಯನ್ನೇ ಎತ್ತಿಹಿಡಿದಿದ್ದರು. ಕಟ್ಟಳೆ ಇವತ್ತಿಗೂ ಅದೇ. ವಾಷಿಂಗ್ಟನ್ನಿನ ಪಾದ್ರಿ ಚಾರ್ಲ್ಸ್ ಕರನ್ ಮರುದಿನವೇ ಹಲವು ದೇವಶಾಸ್ತ್ರಿಗಳ ಸಹಿ ಹಾಕಿಸಿ ಭಿನ್ನಮತ ಸಾರಿದರು. 1986ರಲ್ಲಿ ಅವರು ಕ್ಯಾಥೊಲಿಕ್ ದೇವಶಾಸ್ತ್ರ ಕಲಿಸಲು ತಕ್ಕವರಲ್ಲವೆಂದು ರೋಮು ಹೇಳಿತು. ಕ್ರೌಲಿ ದಂಪತಿಗೆ ಕಳೆದುಕೊಳ್ಳಲು ಅಂಥ ಕೆಲಸವಿರಲಿಲ್ಲ. ಕಳೆದುಕೊಂಡದ್ದು ನಂಬಿಕೆಯ ಸಲಿಗೆಯನ್ನು. ಮನೆಯವರೇ ಅಭಿಪ್ರಾಯ ಕೇಳಿ, ಹೇಳಿದ ಮೇಲೆ ಕೇಳಿಸಲೇ ಇಲ್ಲವೆಂಬಂತೆ ಇದ್ದುಬಿಟ್ಟರೆ ಹೇಗಾಗುತ್ತದೆಂದು ಹೆಂಗಸರಾದ ನಮಗೆ ಹೇಳಿಕೊಡಬೇಕೆ?

ಮೆಕ್ಲೋರಿಯವರ ಮೇಲೆ ನನಗೊಂದು ತಕರಾರಿದೆ. ಪ್ಯಾಟಿಯೇ ಕತೆಯ ನಾಯಕಿ ಎಂದು ಹೊರಟವರು, ಪಂಡಿತರು ಬಾಯಿ ತೆರೆದ ಕೂಡಲೇ ಆಕೆಯನ್ನು ಮೂಲೆಯ ಕುರ್ಚಿಗೆ ಕಳಿಸಿಬಿಡುತ್ತಾರೆ. ಯಾವ ಕಾರ್ಡಿನಲ್ ಯಾರ ಕಡೆ, ಯಾವ ವಾದಕ್ಕೆ ಯಾವ ಮರುವಾದ, ಇದೆಲ್ಲ ಬೇಕು, ಒಪ್ಪುತ್ತೇನೆ. ಆದರೆ ಆ ಪತ್ರಗಳು? ನನಗೆ ಅವು ಇನ್ನೂ ಬೇಕಿದ್ದವು. ರೋಮಿನ ಸಭೆ ಮಾಡಿದ್ದನ್ನೇ ಪುಸ್ತಕವೂ ಸ್ವಲ್ಪ ಮಾಡಿದೆ ಎಂದರೆ ಕಟುವಾದೀತೇನೋ. ಆದರೂ ಹೇಳುತ್ತೇನೆ.

ಇದೇ ಕಾಲದ ಇನ್ನೊಬ್ಬರನ್ನು ಇಲ್ಲಿ ತರಬೇಕು. ಗುಳಿಗೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಬಾಸ್ಟನ್ನಿನ ವೈದ್ಯ ಜಾನ್ ರಾಕ್. ಐದು ಮಕ್ಕಳ ತಂದೆ, ದಿನವೂ ಬೆಳಿಗ್ಗೆ ಪೂಜೆಗೆ ಹೋಗುತ್ತಿದ್ದ ಕ್ಯಾಥೊಲಿಕ್. 1963ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, 'ದ ಟೈಮ್ ಹ್ಯಾಸ್ ಕಮ್' ಎಂಬ ಪುಸ್ತಕ ಬರೆದು ಚರ್ಚಿಗೆ ಬಹಿರಂಗವಾಗಿ ಬಿನ್ನಹ ಮಾಡಿದರು. ದೇವರ ಮುಂದೆ ನಿಲ್ಲಲು ನಿಮಗೆ ಭಯವಿಲ್ಲವೇ ಎಂದು ಒಬ್ಬ ಹೆಂಗಸು ಸಿಟ್ಟಿನಿಂದ ಬರೆದಾಗ, ದೇವರು ಈಗಲೂ ನಮ್ಮ ಜೊತೆಗೇ ಇದ್ದಾನಲ್ಲ, ಹೊಸದಾಗಿ ಪರಿಚಯ ಬೇಕಾಗಲಾರದು ಎಂಬರ್ಥದಲ್ಲಿ ಉತ್ತರಿಸಿದರಂತೆ. ಇಂಥವರನ್ನು ಇಷ್ಟಪಡದೆ ಇರುವುದು ಕಷ್ಟ.

ಆದರೂ ಅವರ ವಾದ ನನ್ನನ್ನು ಒಲಿಸಲಿಲ್ಲ. ಗರ್ಭ ನಿಂತ ಹೆಂಗಸಿಗೆ ಮತ್ತೆ ಗರ್ಭ ನಿಲ್ಲದಂತೆ ದೇಹವೇ ಒಂದು ರಸ ಸುರಿಸುತ್ತದೆ, ಗುಳಿಗೆ ಮಾಡುವುದೂ ಅದನ್ನೇ, ಆದ್ದರಿಂದ ಇದು ಪ್ರಕೃತಿಗೆ ಹೊರತಲ್ಲ ಎನ್ನುತ್ತಾರೆ ರಾಕ್. ಪೋಪರು ಒಪ್ಪಿದ ಲೆಕ್ಕದ ದಾರಿಯನ್ನೇ ಸ್ವಲ್ಪ ಉದ್ದ ಮಾಡಿದ್ದೇವೆ ಎಂಬ ಧಾಟಿ. ಮೊದಲ ಗುಳಿಗೆಯನ್ನು 20 ದಿನ ನುಂಗಿ ಆಮೇಲೆ ಬಿಡಬೇಕಿತ್ತು, ತಿಂಗಳು ತಿಂಗಳು ಮುಟ್ಟಾದಂತೆ ಕಾಣಲಿ ಎಂದು. ವಕೀಲಿ ಜಾಣತನ ಚೆನ್ನಾಗಿದೆ. ಆದರೆ ಎದುರಾಳಿಯ ಅಳತೆಗೋಲನ್ನೇ ಹಿಡಿದು ಅಳೆಯಲು ಹೊರಟರೆ, ಗೋಲು ಯಾರ ಕೈಯಲ್ಲಿದೆಯೋ ಅವರೇ ಕೊನೆಗೆ ಗೆಲ್ಲುತ್ತಾರೆ. 1968ರಲ್ಲಿ ಆದದ್ದೂ ಅದೇ.

ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಆ ಗುಳಿಗೆಯ ದೊಡ್ಡ ಪರೀಕ್ಷೆ ನಡೆದದ್ದು 1956ರಿಂದ ಪೋರ್ಟೊ ರಿಕೊ ದ್ವೀಪದ ಬಡ ಹೆಂಗಸರ ಮೇಲೆ. ಇದು ಇನ್ನೂ ಪರೀಕ್ಷೆಯಲ್ಲಿರುವ ಔಷಧ ಎಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಈಗಿನದಕ್ಕೆ ಹೋಲಿಸಿದರೆ ಬಹಳ ಹೆಚ್ಚಿನ ಪ್ರಮಾಣದ ಮಾತ್ರೆ. ಶೇಕಡ 17ರಷ್ಟು ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವು. ಪರೀಕ್ಷೆ ನೋಡಿಕೊಳ್ಳುತ್ತಿದ್ದ ಡಾಕ್ಟರು ಎಡ್ರಿಸ್ ರೈಸ್-ರೇ ಇದನ್ನು ಬರೆದು ತಿಳಿಸಿದರೂ ಮೇಲಿನವರು ಅಷ್ಟಾಗಿ ಕಿವಿಗೊಡಲಿಲ್ಲ. ಡಾಕ್ಟರೂ ಹೆಂಗಸೇ ಎಂಬುದನ್ನು ಗಮನಿಸಿ. ರಾಕ್ ಹೆಂಗಸರ ಪರವಾಗಿ ವಾದಿಸಿದರು, ಪ್ಯಾಟಿ ಹೆಂಗಸರನ್ನು ಕೇಳಿದರು. ನನಗೆ ಎರಡನೆಯದೇ ದೊಡ್ಡ ಭಿನ್ನಮತವಾಗಿ ಕಾಣುತ್ತದೆ.

'ನಿಮಗೇನು, ನಿಮಗೆ ಇಂಥ ಕಟ್ಟಳೆಗಳಿರಲಿಲ್ಲ' ಎಂದು ಟೀಚರ ಮಗಳು ನನ್ನನ್ನು ಛೇಡಿಸಿದಳು. ನಿಜ, ನಮ್ಮ ಮೈಸೂರು ಸರ್ಕಾರ 1930ರಲ್ಲೇ, ಅತ್ತ ಪೋಪರು ಬೇಡವೆಂದ ವರ್ಷವೇ, ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತ್ತು. ಗೋಡೆ ಗೋಡೆಯ ಮೇಲೆ ಕೆಂಪು ತ್ರಿಕೋನ, ಆರತಿಗೊಂದು ಕೀರ್ತಿಗೊಂದು ಎಂಬ ಮಾತು ಕೇಳುತ್ತಲೇ ನಾನು ಬಸುರಾದವಳು. ಎರಡನೆಯ ಹೆರಿಗೆಯಾದ ಮರುದಿನ ಆಸ್ಪತ್ರೆಯಲ್ಲಿ ಒಂದು ಕಾಗದ ತಂದು ಮುಂದೆ ಹಿಡಿದರು. ಇವರೂ ಅತ್ತೆಯೂ ಹೊರಗೆ ಮಾತಾಡಿ ಮುಗಿಸಿದ್ದರು. ನರ್ಸಮ್ಮ ಪೆನ್ನಿನ ಟೋಪಿ ತೆಗೆದು ಕೈಗೆ ಕೊಟ್ಟಳು. ನಾನು ಸಹಿ ಹಾಕಿದೆ. ನನಗೂ ಮೂರನೆಯದು ಬೇಕಿರಲಿಲ್ಲ, ಆ ಮಾತು ಬೇರೆ. ಬೇಕೋ ಬೇಡವೋ ಎಂದು ಒಬ್ಬರಾದರೂ ಕೇಳಿದ್ದರೆ ಬೇಡ ಎಂದೇ ಹೇಳುತ್ತಿದ್ದೆ. ಆ ಒಂದು 'ಬೇಡ'ವನ್ನು ಬಾಯಿಬಿಟ್ಟು ಹೇಳುವ ಅವಕಾಶ ಸಿಗದೆ ಹೋದದ್ದು ಇಷ್ಟು ವರ್ಷ ಒಳಗೇ ಉಳಿದಿತ್ತೆಂದು ಪ್ಯಾಟಿಯ ಪತ್ರಗಳ ಪುಟಕ್ಕೆ ಬಂದಾಗಲೇ ನನಗೆ ಗೊತ್ತಾದದ್ದು.

ಪ್ಯಾಟಿ ಚರ್ಚನ್ನು ಬಿಡಲಿಲ್ಲ. 1974ರಲ್ಲಿ ಗಂಡ ತೀರಿಕೊಂಡ ಮೇಲೆ ಶಿಕಾಗೋದ ಜೈಲಿನ ಹೆಂಗಸರನ್ನು ನೋಡಲು ಹೋಗುತ್ತಿದ್ದರು. ಮನೆಯಿಲ್ಲದ ಹೆಂಗಸರಿಗೆ ಆಸರೆಯ ಮನೆ ಕಟ್ಟಲು ಕೈಜೋಡಿಸಿದರು. ತಾನು ಮೋಸಹೋದೆನೆಂದು ಬಾಯಿಬಿಟ್ಟು ಹೇಳುತ್ತಲೇ ಪೂಜೆಗೂ ಹೋಗುತ್ತಿದ್ದರು. 2005ರಲ್ಲಿ ತೀರಿಕೊಂಡರು. ಜಾನ್ ರಾಕ್ ಮಾತ್ರ ಕೊನೆಗಾಲದಲ್ಲಿ ಪೂಜೆಯಿಂದಲೂ ನಂಬಿಕೆಯಿಂದಲೂ ದೂರವಾದರು. ಯಾರದು ಸರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಹೊರಟುಹೋಗುವುದು ಸುಲಭವೆಂದು ಮಾತ್ರ ಯಾರೂ ತಿಳಿಯಬಾರದು. ಇದ್ದುಕೊಂಡೇ ಒಪ್ಪದಿರುವುದಂತೂ ಇನ್ನೂ ಕಷ್ಟ. ಅದನ್ನು ಒಂದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದ ಯಾವ ಸೊಸೆಯೂ ಬಲ್ಲಳು.

ಪುಸ್ತಕವನ್ನು ಟೀಚರಿಗೆ ಓದಲು ಕೊಟ್ಟೆ. ಈಗ ಎಂಬತ್ತು ದಾಟಿದೆ. ಭೂತಗನ್ನಡಿ ಹಿಡಿದು ಒಂದು ತಿಂಗಳು ಓದಿದರಂತೆ. ಪೋಪರ ವಿಷಯ ಒಂದು ಮಾತೂ ಆಡಲಿಲ್ಲ, ನಾನೂ ಕೆದಕಲಿಲ್ಲ. ವಾಪಸು ಕೊಡುವಾಗ ಒಂದು ಪುಟದಲ್ಲಿ ಹಳೆಯ ಬಸ್ ಟಿಕೆಟು ಇಟ್ಟಿದ್ದರು. ತೆಗೆದು ನೋಡಿದರೆ, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಇಳಿದುಕೊಂಡ ಆ ಪುಟ.

"ಒಂದು ಮೈಲಿ ದೂರ ಇಟ್ಟರಂತಲ್ಲ ಮಾರಾಯ್ತಿ" ಎಂದು ಟೀಚರ್ ಸೆರಗನ್ನು ಬಾಯಿಗಿಟ್ಟುಕೊಂಡರು. "ಹಾಗಿದ್ದರೆ ಲೆಕ್ಕ ತಪ್ಪುವ ಹೆದರಿಕೆಯೇ ಇಲ್ಲ ಅಲ್ವಾ?"