ಕಾಲು ಎಟುಕದ ಬೈಕು

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂದಾಗ ಅದರ ಸೀಟು ನೆಲದಿಂದ 800 ಮಿ.ಮೀ. ಎತ್ತರದಲ್ಲಿತ್ತು. ಈಗಿನ 450ರಲ್ಲಿ ಅದು 825. ಬೇಕಿದ್ದರೆ 845ಕ್ಕೂ ಏರಿಸಿಕೊಳ್ಳಬಹುದಂತೆ. ಐದಡಿ ಎರಡಂಗುಲದವರಿಗೆ ಈ ಔದಾರ್ಯದಿಂದ ಏನೂ ಪ್ರಯೋಜನವಿಲ್ಲ. ಷೋರೂಮಿನಲ್ಲಿ ತುದಿಗಾಲಲ್ಲಿ ನಿಂತಾಗ 196 ಕೆ.ಜಿ. ಒಂದು ಕಡೆಗೆ ವಾಲತೊಡಗಿದರೆ ಎದೆ ಧಸಕ್ಕೆನ್ನುತ್ತದೆ. ಆದರೂ ಬೈಕು ಮನೆಗೆ ಬರುತ್ತದೆ, ಮರುವಾರ ಗ್ಯಾರೇಜಿಗೆ ಹೋಗುತ್ತದೆ: ‘ಅಣ್ಣಾ, ಸ್ವಲ್ಪ ಕೆಳಗಿಳಿಸಿಕೊಡಿ.’

ಆ ಅಣ್ಣ ‘ಸ್ಪ್ರಿಂಗು ಎರಡು ಸುತ್ತು ಕಟ್ ಮಾಡೋಣ’ ಎಂದರೆ ಬೈಕನ್ನು ತಳ್ಳಿಕೊಂಡಾದರೂ ಹೊರಗೆ ಬನ್ನಿ. ಕತ್ತರಿಸಿದ ಸ್ಪ್ರಿಂಗು ಗಡುಸಾಗುತ್ತದೆ, ಅದರ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ.

ಮೊದಲು ಕೈ ಹಾಕಬೇಕಾದ್ದು ಸೀಟಿಗೆ. 450ಕ್ಕೆ ಕಂಪನಿಯೇ 805 ಮಿ.ಮೀ.ಗೆ ಇಳಿಸುವ ತಗ್ಗು ಸೀಟು ಕೊಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೀಟು ಹೊಲಿಯುವವರಿಂದ ಫೋಮ್ ಕೆತ್ತಿಸುವುದಾದರೆ ಮೇಲ್ಭಾಗಕ್ಕಿಂತ ಮುಂದಿನ ಅಂಚುಗಳನ್ನು ಕೆತ್ತಿಸಿ. ತೊಡೆ ಅಗಲಿಸಿ ಕೂತಷ್ಟೂ ಕಾಲು ಗಿಡ್ಡವಾಗುತ್ತದೆ. ಸೀಟು ಸಪುರವಾದರೆ ಅಂಗಾಲು ತಾನೇ ನೆಲಕ್ಕೆ ಹತ್ತಿರವಾಗುತ್ತದೆ.

ಎರಡನೆಯದು ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ. ಸವಾರ ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಓಟದ ಸುಮಾರು ಮೂರನೇ ಒಂದು ಭಾಗ ಕುಸಿಯಬೇಕು. ಎತ್ತರ ಕಡಿಮೆಯಿರುವವರು ಸಾಮಾನ್ಯವಾಗಿ ತೂಕದಲ್ಲೂ ಹಗುರ. ಅವರ ಕೆಳಗೆ ಬೈಕು ಅಷ್ಟು ಕುಸಿಯದೆ ಬಿಗಿಯಾಗಿ ನಿಂತಿರುತ್ತದೆ. ಪ್ರೀಲೋಡ್ ಸಡಿಲಿಸಿದರೆ ಒಂದಿಷ್ಟು ಎತ್ತರ ಖರ್ಚಿಲ್ಲದೆ ಇಳಿಯುತ್ತದೆ, ಸವಾರಿಯೂ ಹಿತವಾಗುತ್ತದೆ. ಗ್ಯಾರೇಜುಗಳಲ್ಲಿ ಈ ಕುಸಿತವನ್ನು ಅಳೆದು ನೋಡುವವರು ಕಡಿಮೆ.

ಇಷ್ಟೂ ಆದಮೇಲೆ ಕಾಲು ಎಟುಕದಿದ್ದರೆ ಲಿಂಕ್ ಬದಲಿಸುವ ಮಾತು. ಹಿಂಬದಿ ಶಾಕ್ ಅಬ್ಸಾರ್ಬರನ್ನು ಸ್ವಿಂಗ್‌ಆರ್ಮಿಗೆ ಜೋಡಿಸುವ ಪಟ್ಟಿಗಳ ಬದಲು ಅವಕ್ಕಿಂತ ಕೆಲವೇ ಮಿ.ಮೀ. ಹೆಚ್ಚು ಉದ್ದದವನ್ನು ಹಾಕಿದರೂ ಸೀಟು ಒಂದಂಗುಲದಷ್ಟು ಇಳಿಯಬಹುದು. ಸನ್ನೆಯ ಲೆಕ್ಕ ಬದಲಾಗುವುದರಿಂದ ಅದೇ ಸ್ಪ್ರಿಂಗು ಮೆತ್ತಗಾದಂತೆ ವರ್ತಿಸುತ್ತದೆ. ಹಿಂದೆ ಇಳಿಸಿ ಮುಂದೆ ಹಾಗೇ ಬಿಟ್ಟರೆ ಫೋರ್ಕು ಹೆಚ್ಚು ಓರೆಯಾಗಿ, ಚಾರ್ಮಾಡಿಯ ತಿರುವುಗಳಲ್ಲಿ ಹ್ಯಾಂಡಲ್ ಸೋಮಾರಿಯಾಗುತ್ತದೆ. ಬರೀ ಮುಂದೆ ಇಳಿಸಿದರೆ ತದ್ವಿರುದ್ಧ: ವೇಗದಲ್ಲಿ ಹ್ಯಾಂಡಲ್ ಚಂಚಲ. ಹಾಗಾಗಿ ಹಿಂದೆ ಇಳಿಸಿದಷ್ಟನ್ನೇ ಮುಂದೆಯೂ, ಫೋರ್ಕಿನ ಕೊಳವೆಗಳನ್ನು ಕ್ಲಾಂಪಿನಲ್ಲಿ ಮೇಲಕ್ಕೆ ಸರಿಸಿ ಇಳಿಸಬೇಕು. ಎರಡೂ ಕೊಳವೆ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮವಾಗಿರಲಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಸಲಿ. ಫೋರ್ಕು ಪೂರ್ತಿ ಒತ್ತಿದಾಗ ಚಕ್ರವಾಗಲಿ ಮಡ್‌ಗಾರ್ಡಾಗಲಿ ಎಲ್ಲಿಗೂ ತಾಗಬಾರದು.

ಜನ ಮರೆಯುವುದು ಸೈಡ್ ಸ್ಟ್ಯಾಂಡನ್ನು. ಬೈಕು ಇಳಿಯಿತು, ಸ್ಟ್ಯಾಂಡು ಹಿಂದಿನಷ್ಟೇ ಉದ್ದ. ಹಾಗಾದರೆ ಬೈಕು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಪಾರ್ಕಿಂಗಿನ ಒಂಚೂರು ಇಳಿಜಾರು ಸಾಕು, ಬಲಗಡೆಗೆ ಮಗುಚುತ್ತದೆ. ಸ್ಟ್ಯಾಂಡನ್ನು ಅಳೆದು ಕತ್ತರಿಸಿ ವೆಲ್ಡ್ ಮಾಡಿಸಬೇಕು, ಇಲ್ಲವೇ ಗಿಡ್ಡದನ್ನು ಕೊಳ್ಳಬೇಕು. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದರ ಮೇಲೆ ಬೈಕನ್ನು ಎತ್ತಿ ನಿಲ್ಲಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ಚೈನಿನ ಸಡಿಲವನ್ನೂ ಹೊಸದಾಗಿ ನೋಡಿಸಿ.

25 ಮಿ.ಮೀ. ನನ್ನ ಮಿತಿ. ಅದಕ್ಕೂ ಮೀರಿ ಇಳಿಸಬೇಕೆನ್ನುವವರಿಗೆ 765 ಮಿ.ಮೀ. ಸೀಟಿನ ಮೀಟಿಯೊರ್ 350 ತೋರಿಸುತ್ತೇನೆ. ಹಿಮಾಲಯನ್ 450ಕ್ಕೆ ನೆಲದಿಂದ 230 ಮಿ.ಮೀ. ಅಂತರ ಕೊಟ್ಟಿರುವುದು ಕಲ್ಲುದಾರಿಗಾಗಿ. ನಮ್ಮ ಊರುಗಳ ಹಂಪುಗಳಿಗೂ ಅದು ಬೇಕು. ಹಾರ್ಲೆ ಡೇವಿಡ್‌ಸನ್‌ನವರು 2021ರ ಪ್ಯಾನ್ ಅಮೆರಿಕದಲ್ಲಿ, ನಿಲ್ಲಿಸುವಾಗ ತಾನೇ ತಗ್ಗಿ ಹೊರಟಾಗ ತಾನೇ ಏರುವ ಸಸ್ಪೆನ್ಷನ್ ತಂದರು. ಆ ದುಡ್ಡು ನಮ್ಮಲ್ಲಿಲ್ಲ. ಎರಡೂ ಅಂಗಾಲು ಊರಲೇಬೇಕೆಂಬ ಹಟವನ್ನಾದರೂ ಬಿಡಬಹುದಲ್ಲ? ಸೊಂಟವನ್ನು ಎಡಕ್ಕೆ ಜಾರಿಸಿ ಎಡಗಾಲು ಊರಿ, ಬಲಗಾಲನ್ನು ಬ್ರೇಕಿನ ಮೇಲಿಟ್ಟು ನಿಲ್ಲುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ.

ಹಳೆಯ ಲಿಂಕುಗಳನ್ನು ಎಸೆಯಬೇಡಿ, ಮಾರುವಾಗ ಬೇಕಾಗುತ್ತವೆ. ಕೆಲಸ ಮುಗಿದ ದಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನನ್ನೂ ಹೇರಿ, ಒಂದು ಹಂಪನ್ನು ನಿಧಾನವಾಗಿ ದಾಟಿ. ಆಮೇಲೆ ಬಗ್ಗಿ ಹಿಂದಿನ ಮಡ್‌ಗಾರ್ಡಿನ ಒಳಗೆ ನೋಡಿ. ಟೈರು ಉಜ್ಜಿದ ಗುರುತಿದ್ದರೆ ಲಿಂಕು ಉದ್ದವಾಯಿತೆಂದೇ ಅರ್ಥ; ಬೈಕನ್ನು ಗ್ಯಾರೇಜಿಗೆ ತಿರುಗಿಸಿ.